ಹಾರುಬೂದಿ, ಹೊಟ್ಟಿನ ಬೂದಿ, ಕಾಸ್ಟಿಕ್ ಸೋಡಾ: ಸಿಮೆಂಟ್ ಇಲ್ಲದೆ ಇಟ್ಟಿಗೆ ಮಾಡಬಹುದೇ?

ಪ್ರಶ್ನೆ: ಸಿಂಧನೂರು ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಇಟ್ಟಿಗೆ ಘಟಕವಿದೆ. ತಂದೆಯವರ ಕಾಲದಿಂದ ಮಣ್ಣಿನ ಇಟ್ಟಿಗೆ ಸುಡುತ್ತಿದ್ದೆವು. ಈಗ ಒಳ್ಳೆಯ ಮಣ್ಣು ಸಿಗುವುದಿಲ್ಲ, ಉರುವಲು ತುಟ್ಟಿಯಾಗಿದೆ. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿಗೆ ಕಾಸ್ಟಿಕ್ ಸೋಡಾ ದ್ರಾವಣ ಕಲಸಿ ಸಿಮೆಂಟೂ ಬೆಂಕಿಯೂ ಇಲ್ಲದೆ ಇಟ್ಟಿಗೆ ಮಾಡುವ ವಿಡಿಯೊ ನೋಡಿ ಏಪ್ರಿಲ್‌ನಲ್ಲಿ ಪ್ರಯತ್ನಿಸಿದೆ. ಒಂದು ಲೀಟರ್ ನೀರಿಗೆ 400 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ, ಒಂದು ಕಿಲೊ ಬೂದಿಗೆ 400 ಮಿಲಿಲೀಟರ್‌ನಂತೆ ಸೇರಿಸಿ, ಅಚ್ಚು ಹಾಕಿ, ಕಪ್ಪು ತಾಡಪಾಲು ಮುಚ್ಚಿ ಬಿಸಿಲಿಗಿಟ್ಟೆ. ಇಟ್ಟಿಗೆ ಕಲ್ಲಿನಂತಾಯಿತು. ಅದರಿಂದಲೇ ದನದ ಕೊಟ್ಟಿಗೆ ಕಟ್ಟಿದೆವು. ಡಿಸೆಂಬರ್‌ನಲ್ಲಿ ಹಾರುಬೂದಿ ಕಡಿಮೆ ಬಿದ್ದುದರಿಂದ ಮೂರರಲ್ಲೊಂದು ಪಾಲು ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಹಾಕಿದೆ. ವಾರ ಕಳೆದರೂ ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಕ್ಯೂರಿಂಗ್‌ಗೆಂದು ನೀರಿನ ತೊಟ್ಟಿಗೆ ಹಾಕಿದವು ಮೆತ್ತಗಾಗಿ ಅಂಚು ಕರಗಿದವು. ಕೊಟ್ಟಿಗೆಯ ಗೋಡೆಗೂ ಮಳೆಗಾಲದ ನಂತರ ಬಿಳಿ ಹುಡಿ ಬಂದಿದೆ. ದ್ರಾವಣ ಕಲಸುತ್ತಿದ್ದ ಹೆಣ್ಣುಮಗಳೊಬ್ಬರ ಮುಂಗೈ ಸುಟ್ಟು ಗಾಯವಾಯಿತು. ಈಗ ಊರಿನವರು ಹಾರುಬೂದಿ ವಿಷ, ಅದರಿಂದ ವಿಕಿರಣ ಬರುತ್ತದೆ ಎನ್ನುತ್ತಿದ್ದಾರೆ. ಸಾಲ ಮಾಡಿ ಬಿಸಿ ಕೋಣೆ ಕಟ್ಟಿಸಿ ಇದನ್ನೇ ಮುಂದುವರಿಸಲೇ, ಕೈಬಿಡಲೇ?

ಉತ್ತರ: ಮೊದಲು ಸುಟ್ಟ ಕೈಯ ವಿಷಯ. ಗಾಯ ಇನ್ನೂ ಮಾಯದಿದ್ದರೆ ಅವರನ್ನು ತಡಮಾಡದೆ ವೈದ್ಯರಿಗೆ ತೋರಿಸಿ. ಕಾಸ್ಟಿಕ್ ಸೋಡಾದ ಗಾಯ ಮೇಲಿಂದ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತದೆ. ಆಮ್ಲ ತಗುಲಿದರೆ ಕೂಡಲೇ ಉರಿಯುತ್ತದೆ, ಮನುಷ್ಯ ಕೈ ಹಿಂದೆಗೆಯುತ್ತಾನೆ. ಕಾಸ್ಟಿಕ್ ಸೋಡಾದಂಥ ಕ್ಷಾರ ಮೊದಲು ಸಾಬೂನಿನಂತೆ ಜಾರುತ್ತದೆ. ನೋವು ಗೊತ್ತಾಗುವ ಹೊತ್ತಿಗೆ ಅದು ಚರ್ಮದ ಕೊಬ್ಬನ್ನು ಕರಗಿಸಿ ಒಳಹೊಕ್ಕಿರುತ್ತದೆ. ಕಣ್ಣಿಗೆ ಸಿಡಿದರೆ ಕೆಲವೇ ನಿಮಿಷಗಳಲ್ಲಿ ದೃಷ್ಟಿಗೆ ಶಾಶ್ವತ ಹಾನಿಯಾಗಬಹುದು. ಇಂಥ ಸಂದರ್ಭದಲ್ಲಿ ನಿಂಬೆರಸ, ವಿನೆಗರ್ ಹಚ್ಚಿ ಕ್ಷಾರವನ್ನು ಕೊಲ್ಲಬಹುದೆಂದು ಹಲವರು ನಂಬಿದ್ದಾರೆ. ಹಾಗೆ ಮಾಡಬಾರದು. ಬಟ್ಟೆ ಕಳಚಿ, ಹರಿಯುವ ನೀರಿನಲ್ಲಿ ಕನಿಷ್ಠ 15–20 ನಿಮಿಷ ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು. ನೀವು ನೋಡಿದ ವಿಡಿಯೊದಲ್ಲಿ ಇದನ್ನು ಹೇಳಿರಲಿಕ್ಕಿಲ್ಲ. ಬರಿಗೈಯಲ್ಲಿ ದ್ರಾವಣ ಕಲಸುವ ದೃಶ್ಯಗಳನ್ನು ನಾನೂ ನೋಡಿದ್ದೇನೆ, ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ.

ಈಗ ನಿಮ್ಮ ಇಟ್ಟಿಗೆಗೆ ಬರೋಣ. ಏಪ್ರಿಲ್‌ನಲ್ಲಿ ಗೆದ್ದದ್ದು ಡಿಸೆಂಬರ್‌ನಲ್ಲಿ ಏಕೆ ಸೋತಿತು, ಗೋಡೆಗೆ ಬಿಳಿ ಹುಡಿ ಏಕೆ ಬಂತು, ಇದನ್ನು ನಂಬಿ ಸಾಲ ಮಾಡಬಹುದೇ ಎಂಬುದೇ ನಿಮ್ಮ ಪತ್ರದ ತಿರುಳು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ತಂತ್ರಜ್ಞಾನ ನಿಜವಾದದ್ದು, ಒಳ್ಳೆಯದು. ಆದರೆ ಕಾಸ್ಟಿಕ್ ಸೋಡಾವನ್ನೇ ನೆಚ್ಚಿಕೊಂಡ ರೂಪದಲ್ಲಿ ಅದು ನಿಮ್ಮಂಥ ತೆರೆದ ಅಂಗಳದ ಘಟಕಕ್ಕೆ ಹೊಂದುವುದಿಲ್ಲ. ಬೂದಿ ಪುಕ್ಕಟೆ ಸಿಕ್ಕರೂ ಕ್ಷಾರ ಪುಕ್ಕಟೆ ಸಿಗುವುದಿಲ್ಲ. ಖರ್ಚು, ಅಪಾಯ, ಬಿಳಿ ಹುಡಿ, ಮೂರೂ ಹುಟ್ಟುವುದು ಆ ಕಾಸ್ಟಿಕ್ ಚೀಲದಿಂದಲೇ.

ಬೂದಿ ಗಟ್ಟಿಯಾಗುವುದು ಹೇಗೆ ಎಂಬುದು ತಿಳಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಶೇ. 30ರಿಂದ 45ರಷ್ಟು ಬೂದಿಯೇ ಇರುತ್ತದೆ. ಕುಲುಮೆಯ ಬೆಂಕಿಯಲ್ಲಿ ಕಲ್ಲಿದ್ದಲಿನೊಳಗಿನ ಮಣ್ಣು ಕರಗಿ, ಹೊಗೆಯೊಂದಿಗೆ ಮೇಲೇರುವಾಗ ಥಟ್ಟನೆ ತಣಿದು, ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಗುಂಡುಗಳಾಗುತ್ತದೆ. ಆ ಗಾಜು ಸಿಲಿಕಾ ಮತ್ತು ಅಲ್ಯುಮಿನಾಗಳ ಬೆಸುಗೆ. ಬರೀ ನೀರಿಗೆ ಅದು ಜಗ್ಗುವುದಿಲ್ಲ. ತೀಕ್ಷ್ಣ ಕ್ಷಾರ ಬಿದ್ದಾಗ ಬೆಸುಗೆ ಬಿಚ್ಚಿ, ಸಿಲಿಕಾ ಮತ್ತು ಅಲ್ಯುಮಿನಾ ಕರಗಿ ಹೊರಬಂದು, ಸೋಡಿಯಂನ ಜೊತೆ ಹೊಸದಾಗಿ ಹೆಣೆದುಕೊಂಡು ಅಂಟಿನಂಥ ಪದಾರ್ಥವಾಗಿ ಗಟ್ಟಿಗೊಳ್ಳುತ್ತವೆ. ಇದನ್ನೇ ಜಿಯೊಪಾಲಿಮರ್ ಎನ್ನುತ್ತಾರೆ. 1970ರ ದಶಕದಲ್ಲಿ ಈ ಹೆಸರು ಕೊಟ್ಟವರು ಫ್ರಾನ್ಸಿನ ರಸಾಯನವಿಜ್ಞಾನಿ ಜೋಸೆಫ್ ಡೇವಿಡೊವಿಟ್ಸ್. ಅದಕ್ಕೂ ಮೊದಲು, 1950ರ ದಶಕದಲ್ಲಿ, ಕೀವ್ ನಗರದ ವಿಕ್ಟರ್ ಗ್ಲುಖೋವ್‌ಸ್ಕಿ ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ಕ್ಷಾರದಿಂದ ಗಟ್ಟಿಗೊಳಿಸುವ ವಿಧಾನವನ್ನು ರೂಪಿಸಿದ್ದರು. ಈಜಿಪ್ಟಿನ ಪಿರಮಿಡ್ಡುಗಳನ್ನೂ ಹೀಗೆಯೇ ಎರಕ ಹೊಯ್ದು ಕಟ್ಟಿದರು ಎಂಬ ಮಾತು ಇಂಥ ವಿಡಿಯೊಗಳಲ್ಲಿ ಹರಿದಾಡುತ್ತದೆ. ಅದು ಡೇವಿಡೊವಿಟ್ಸ್ ಅವರ ವಾದ. ಹೆಚ್ಚಿನ ಭೂವಿಜ್ಞಾನಿಗಳೂ ಪುರಾತತ್ವಜ್ಞರೂ ಒಪ್ಪಿಲ್ಲ.

ಬಿಚ್ಚಿ ಹೆಣೆಯುವ ಈ ಕ್ರಿಯೆಗೆ ಶಾಖ ಬೇಕು. ಶಕ್ತಿನಗರ, ಯರಮರಸ್, ಕುಡತಿನಿಯ ಸ್ಥಾವರಗಳ ಬೂದಿಯಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ಅಂಥ ಬೂದಿ 60ರಿಂದ 80 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ದಿನ ಇದ್ದರೆ ಚೆನ್ನಾಗಿ ಕೂಡಿಕೊಳ್ಳುತ್ತದೆ, ತಣ್ಣನೆಯ ವಾತಾವರಣದಲ್ಲಿ ತೆವಳುತ್ತದೆ. ರಾಯಚೂರು ಸೀಮೆಯ ಏಪ್ರಿಲ್ ಬಿಸಿಲು, ಅದರ ಮೇಲೆ ಕಪ್ಪು ತಾಡಪಾಲು ಸೇರಿ ನಿಮಗೆ ಗೊತ್ತಿಲ್ಲದೆಯೇ ಒಂದು ಬಿಸಿ ಕೋಣೆ ಸಿದ್ಧವಾಗಿತ್ತು. ಡಿಸೆಂಬರ್‌ನ ರಾತ್ರಿಯ ಚಳಿಯಲ್ಲಿ ಅದು ಇರಲಿಲ್ಲ. ಉಗುರಿಗೆ ಪುಡಿ ಉದುರಿದ್ದಕ್ಕೆ ಮೊದಲ ಕಾರಣ ಇದು.

ಎರಡನೆಯ ಕಾರಣ ಹೊಟ್ಟಿನ ಬೂದಿ. ಎಲ್ಲ ಬೂದಿಯೂ ಒಂದೇ ಎಂದುಕೊಳ್ಳುವುದು ಈ ಕೆಲಸದಲ್ಲಿ ನಾನು ಕಾಣುವ ಅತಿ ಸಾಮಾನ್ಯವಾದ ತಪ್ಪು ತಿಳಿವಳಿಕೆ. ಭತ್ತದ ಹೊಟ್ಟು ಚೆನ್ನಾಗಿ ಉರಿದರೆ ಉಳಿಯುವ ಬೂದಿಯಲ್ಲಿ ಶೇ. 85–90ರಷ್ಟು ಸಿಲಿಕಾ ಇರುತ್ತದೆ. ಅಲ್ಯುಮಿನಾ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಸಿಲಿಕಾ ಮಾತ್ರ ಇದ್ದರೆ ಕಾಸ್ಟಿಕ್ ಸೋಡಾದೊಂದಿಗೆ ಕೂಡಿ ಸೋಡಿಯಂ ಸಿಲಿಕೇಟ್ ಆಗುತ್ತದೆ. ಅದು ಒಣಗಿದಾಗ ಗಟ್ಟಿ, ನೀರಿಗೆ ಬಿದ್ದರೆ ಕರಗುವ ಅಂಟು. ಅಲ್ಯುಮಿನಾ ಸಾಕಷ್ಟು ಹೆಣೆದುಕೊಂಡಾಗಲೇ ಆ ಅಂಟು ನೀರಿಗೆ ಜಗ್ಗದ ಬಂಧವಾಗುತ್ತದೆ. ನಿಮ್ಮ ಇಟ್ಟಿಗೆಯ ಅಂಚು ತೊಟ್ಟಿಯಲ್ಲಿ ಕರಗಿದ್ದು ಇದರಿಂದ. ಅಂದಹಾಗೆ, ಈ ಇಟ್ಟಿಗೆಯನ್ನು ಸಿಮೆಂಟ್ ಇಟ್ಟಿಗೆಯಂತೆ ನೀರಿನಲ್ಲಿ ಮುಳುಗಿಸಿ ಕ್ಯೂರಿಂಗ್ ಮಾಡುವ ಕ್ರಮವೇ ಇಲ್ಲ. ಎಳೆಯ ಇಟ್ಟಿಗೆಯನ್ನು ನೀರಿಗೆ ಹಾಕಿದರೆ ಇನ್ನೂ ಕೂಡಿಕೊಳ್ಳದ ಕ್ಷಾರ ತೊಳೆದುಹೋಗುತ್ತದೆ. ತೇವ ಆರದಂತೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಮುಚ್ಚಿ ಬೆಚ್ಚಗಿಡಬೇಕು. ಆದರೆ ಮಾಗಿದ ಮೇಲೆ ಅದನ್ನೇ ಪರೀಕ್ಷೆಯಾಗಿ ಬಳಸಿ. 28 ದಿನ ಕಳೆದ ಇಟ್ಟಿಗೆಯನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಮರುದಿನ ಒದ್ದೆಯಾಗಿರುವಾಗಲೇ ಮೊಳೆಯಿಂದ ಕೆರೆದು ನೋಡಿ. ಒಣಗಿದಾಗ ಎಷ್ಟೇ ಗಟ್ಟಿಯಾಗಿರಲಿ, ಒದ್ದೆಯಾದಾಗ ಮೆತ್ತಗಾಗುವ ಇಟ್ಟಿಗೆಯನ್ನು ಯಾರ ಮನೆಗೂ ಕೊಡಬೇಡಿ.

ಗಿರಣಿಯ ಬೂದಿಗೆ ಇನ್ನೂ ಒಂದು ತೊಡಕಿದೆ. ಅದು ಕರ್ರಗಿದ್ದರೆ ಒಳಗೆ ಉರಿಯದ ಇಂಗಾಲ ಉಳಿದಿದೆ ಎಂದರ್ಥ. ಆ ಇಂಗಾಲ ದ್ರಾವಣವನ್ನು ಹೀರಿಕೊಂಡು ಕುಳಿತುಕೊಳ್ಳುತ್ತದೆ. ಹಾಗೆಂದು ಬಿಳಿಯಾದಷ್ಟೂ ಒಳ್ಳೆಯದು ಎಂದೂ ಅಲ್ಲ. ಸುಮಾರು 700 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಹೊತ್ತು ಉರಿದ ಬೂದಿಯಲ್ಲಿ ಸಿಲಿಕಾ ಹರಳುಗಟ್ಟತೊಡಗುತ್ತದೆ. ಹರಳು ಕ್ಷಾರಕ್ಕೆ ಸುಲಭವಾಗಿ ಕರಗುವುದಿಲ್ಲ, ಅದರ ಸಣ್ಣ ದೂಳು ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೆ ಸಿಲಿಕೋಸಿಸ್ ತರುತ್ತದೆ. ಬಾಯಿಗೆ ಟವೆಲ್ ಕಟ್ಟಿಕೊಂಡರೆ ಈ ದೂಳು ನಿಲ್ಲುವುದಿಲ್ಲ, ಎನ್95 ಮುಖಗವಸು ಬೇಕು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಉರಿಸಿದ ಬೂದಿಯ ಕಥೆಯೂ ಇಂಥದ್ದೇ: ಇಂಗಾಲ ಹೆಚ್ಚು, ಹೊಲದ ಮರಳು ಬೆರೆತಿರುತ್ತದೆ, ಅಲ್ಯುಮಿನಾ ಸಾಲದು. ಒಲೆಯ ಸೌದೆಬೂದಿ ಬೇರೆಯೇ ವಸ್ತು, ಅದರಲ್ಲಿ ಇರುವುದು ಹೆಚ್ಚಾಗಿ ಸುಣ್ಣ ಮತ್ತು ಪೊಟ್ಯಾಶ್. ಆಸ್ಪತ್ರೆಯ ಕಸ ಸುಟ್ಟ ಬೂದಿ, ನಗರದ ಕಸ ಸುಟ್ಟ ಬೂದಿ ಯಾರಾದರೂ ಪುಕ್ಕಟೆಯಾಗಿ ಲಾರಿಯಲ್ಲಿ ತಂದು ಸುರಿಯುತ್ತೇವೆಂದರೆ ಒಪ್ಪಬೇಡಿ. ಅದರಲ್ಲಿ ಸೀಸದಂಥ ಲೋಹಗಳಿರುತ್ತವೆ. ಅಲ್ಯುಮಿನಿಯಂ ಲೋಹದ ಚೂರು ಉಳಿದಿದ್ದರೆ ಕಾಸ್ಟಿಕ್ ಜೊತೆ ಸೇರಿ ಹೈಡ್ರೋಜನ್ ಅನಿಲ ಹೊಮ್ಮಿ ಇಟ್ಟಿಗೆ ಉಬ್ಬಿ ಬಿರಿಯುತ್ತದೆ. ಇದೇ ಕಾರಣಕ್ಕೆ ದ್ರಾವಣವನ್ನು ಅಲ್ಯುಮಿನಿಯಂ ಪಾತ್ರೆಯಲ್ಲಿ ಎಂದೂ ಮಾಡಬಾರದು.

ಹಾರುಬೂದಿಯಲ್ಲೂ ಎರಡು ಬಗೆಯಿದೆ. ಚಿಮಣಿಯ ದಾರಿಯಲ್ಲಿ ವಿದ್ಯುತ್ತಿನಿಂದ ಹಿಡಿದು ಸಂಗ್ರಹಿಸುವ ಒಣ ಬೂದಿ ನುಣುಪಾಗಿರುತ್ತದೆ, ಚುರುಕಾಗಿ ಕೂಡಿಕೊಳ್ಳುತ್ತದೆ. ನೀರಿನೊಂದಿಗೆ ಸಾಗಿಸಿ ಕೊಳದಲ್ಲಿ ನಿಲ್ಲಿಸಿದ ಬೂದಿ ತರಿತರಿಯಾಗಿದ್ದು, ಕುಲುಮೆಯ ತಳದ ಬೂದಿಯೂ ಅದರಲ್ಲಿ ಬೆರೆತಿರುತ್ತದೆ. ಕೊಳದ ಬೂದಿಯನ್ನು ಮರಳಿನ ಬದಲಿಗೆ ಹಾಕಬಹುದು, ಅಂಟಿಗೆಂದು ಅದನ್ನು ನೆಚ್ಚಬೇಡಿ. ಒಣ ಬೂದಿ ಕೊಳ್ಳುವಾಗ ಭಾರತೀಯ ಮಾನಕವಾದ ಐಎಸ್ 3812ರ ಮೊದಲ ಭಾಗಕ್ಕೆ ಒಪ್ಪುವ ಪರೀಕ್ಷಾ ವರದಿ ಕೇಳಿ. ಸಿಲಿಕಾ, ಅಲ್ಯುಮಿನಾ, ಕಬ್ಬಿಣದ ಆಕ್ಸೈಡ್ ಮೂರೂ ಸೇರಿ ಶೇ. 70ಕ್ಕೆ ಕಡಿಮೆ ಇರಬಾರದು, ಸುಟ್ಟಾಗ ಕಳೆದುಹೋಗುವ ಅಂಶ ಶೇ. 5 ಮೀರಬಾರದು. 2021ರ ಡಿಸೆಂಬರ್ 31ರ ಕೇಂದ್ರದ ಅಧಿಸೂಚನೆಯ ಪ್ರಕಾರ ಸ್ಥಾವರಗಳು ತಮ್ಮ ಬೂದಿಯನ್ನು ಪೂರ್ತಿಯಾಗಿ ಬಳಕೆಗೆ ಕೊಡಲೇಬೇಕು. ಆದ್ದರಿಂದ ವರದಿ ಕೇಳುವುದಕ್ಕೆ ನೀವು ಅಳುಕಬೇಕಿಲ್ಲ. ಅವರಿಗೂ ನಿಮ್ಮ ಅಗತ್ಯವಿದೆ.

ಇನ್ನು ಬಿಳಿ ಹುಡಿ. ನೀವು ಕೊಟ್ಟ ಅಳತೆಯನ್ನೇ ಲೆಕ್ಕ ಹಾಕಿದೆ. ಒಂದು ಕಿಲೊ ಬೂದಿಗೆ ನೀವು ಸುಮಾರು 150 ಗ್ರಾಂ ಕಾಸ್ಟಿಕ್ ಸೋಡಾ ಹಾಕಿದ್ದೀರಿ. ಸೋಡಿಯಂ ಆಕ್ಸೈಡ್ ಲೆಕ್ಕಕ್ಕೆ ತಿರುಗಿಸಿದರೆ ಬೂದಿಯ ತೂಕದ ಶೇ. 11–12. ಸಾಮಾನ್ಯವಾಗಿ ಶೇ. 5ರಿಂದ 8 ಸಾಕಾಗುತ್ತದೆ. ಮಿಕ್ಕ ಸೋಡಿಯಂಗೆ ಹೆಣೆದುಕೊಳ್ಳಲು ಜಾಗವಿಲ್ಲ. ಅದು ಇಟ್ಟಿಗೆಯ ರಂಧ್ರಗಳಲ್ಲಿ ದ್ರಾವಣವಾಗಿ ಉಳಿದು, ಮಳೆಗಾಲದಲ್ಲಿ ತೇವದೊಂದಿಗೆ ಮೇಲ್ಮೈಗೆ ಬಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಸೋಡಿಯಂ ಕಾರ್ಬೊನೇಟ್ ಹರಳಾಗಿ ಅರಳುತ್ತದೆ. ಅದು ಬರೀ ಅಂದಗೆಡಿಸುವ ಕಲೆಯಾಗಿದ್ದರೆ ಸುಮ್ಮನಿರಬಹುದಿತ್ತು. ಹರಳು ಗಿಲಾವಿನ ಹಿಂದೆ ಬೆಳೆದರೆ ಗಿಲಾವನ್ನು ಹೊರಕ್ಕೆ ತಳ್ಳಿ ಸಿಪ್ಪೆಯಂತೆ ಏಳಿಸುತ್ತದೆ. ಅಂದಮೇಲೆ ಅಚ್ಚಿಗೆ ಕೈಯಿಂದ ಒತ್ತುವ ಹದಕ್ಕೆ ಇಷ್ಟು ದ್ರವ ಬೇಕಾಯಿತೇ ಹೊರತು ರಸಾಯನಕ್ಕೆ ಬೇಕಾಗಿರಲಿಲ್ಲ. ಹೈಡ್ರಾಲಿಕ್ ಯಂತ್ರದಲ್ಲಿ ಒತ್ತಿದರೆ ಹೆಚ್ಚುಕಡಿಮೆ ಅರ್ಧ ದ್ರವ ಸಾಕು, ರಂಧ್ರವೂ ಕಡಿಮೆಯಾಗುತ್ತದೆ.

ಆದರೆ ನಿಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ಸವಳು-ಜವಳು ನಿಮಗೆ ಹೊಸದಲ್ಲ. ಕೊಟ್ಟಿಗೆಯ ಹುಡಿ ನೆಲದ ಉಪ್ಪಿನಿಂದಲೂ ಬಂದಿರಬಹುದು, ಗಂಜಲದಿಂದಲೂ ಬಂದಿರಬಹುದು. ಪತ್ತೆ ಹಚ್ಚಲು ಸುಲಭದ ದಾರಿಯಿದೆ. ಹುಡಿಯನ್ನು ಕೆರೆದು ಅದರ ಮೇಲೆ ವಿನೆಗರ್ ಹನಿಸಿ. ಬುಸ್ಸೆಂದು ನೊರೆಯೆದ್ದರೆ ಕಾರ್ಬೊನೇಟ್. ಇನ್ನೊಂದು ಚಿಟಿಕೆಯನ್ನು ನೀರಿಗೆ ಹಾಕಿ, ಪೂರ್ತಿ ಕರಗಿದರೆ ಸೋಡಿಯಂ ಕಾರ್ಬೊನೇಟ್, ಅಂದರೆ ಹೆಚ್ಚಾಗಿ ನಿಮ್ಮ ಕಾಸ್ಟಿಕ್‌ನ ಫಲ. ನೊರೆ ಬಾರದೆ ಕರಗಿದರೆ ಅದು ಮಣ್ಣಿನ ಅಥವಾ ನೀರಿನ ಸಲ್ಫೇಟು, ಕ್ಲೋರೈಡು, ನೈಟ್ರೇಟು. ಸವಳು ನೆಲದಲ್ಲೂ ಸೋಡಿಯಂ ಕಾರ್ಬೊನೇಟ್ ಇರುವುದುಂಟು. ಆದ್ದರಿಂದ ಹುಡಿ ಎಲ್ಲಿದೆ ಎಂಬುದನ್ನೂ ಗಮನಿಸಿ. ನೆಲದಿಂದ ಮೊಳಕಾಲೆತ್ತರದವರೆಗೆ ಮಾತ್ರ ಇದ್ದು ಮೇಲೆ ಇಲ್ಲವಾದರೆ ತಪ್ಪು ತಳಪಾಯದ್ದು, ತೇವ ತಡೆಯುವ ಪದರ ಇಲ್ಲದ್ದು. ಗೋಡೆಯ ತಲೆಯವರೆಗೂ ಹರಡಿದ್ದರೆ ಇಟ್ಟಿಗೆಯದ್ದು. ಗೋಡೆ ಒಣಗಿದಾಗ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನೀರು ಹೊಯ್ದು ತೊಳೆದರೆ ಉಪ್ಪು ಕರಗಿ ಮತ್ತೆ ಒಳಹೋಗಿ ಮತ್ತೆ ಬರುತ್ತದೆ. ಒಂದೆರಡು ಮಳೆಗಾಲ ಕಳೆಯದೆ ಈ ಗೋಡೆಗೆ ಗಿಲಾವು ಮಾಡಬೇಡಿ.

ವಿಷ ಮತ್ತು ವಿಕಿರಣದ ಮಾತಿನಲ್ಲಿ ಅರ್ಧ ಸತ್ಯವಿದೆ. ಕಲ್ಲಿದ್ದಲಿನಲ್ಲಿ ಅತ್ಯಲ್ಪ ಪ್ರಮಾಣದ ಯುರೇನಿಯಂ, ಥೋರಿಯಂ ಇರುತ್ತವೆ. ಇಂಗಾಲ ಉರಿದುಹೋದ ಮೇಲೆ ಬೂದಿಯಲ್ಲಿ ಅವುಗಳ ಸಾಂದ್ರತೆ ಕೆಲವು ಪಟ್ಟು ಏರುತ್ತದೆ. ಮಣ್ಣು, ಗ್ರಾನೈಟ್, ಸುಟ್ಟ ಇಟ್ಟಿಗೆಗಳಲ್ಲೂ ಇವು ಇದ್ದೇ ಇವೆ. ಬೂದಿಯ ಕಣ ಗಾಜಾಗಿರುವುದರಿಂದ ಇವುಗಳಿಂದ ಹುಟ್ಟುವ ವಿಕಿರಣಶೀಲ ರೇಡಾನ್ ಅನಿಲ ಅದರೊಳಗಿಂದ ಸುಲಭವಾಗಿ ಹೊರಬರುವುದಿಲ್ಲ. ಗಾಳಿಯಾಡುವ ಮನೆಯ ಗೋಡೆಗೆ ಈ ಕಾರಣದಿಂದ ಹಾರುಬೂದಿಯನ್ನು ದೂರವಿಡಬೇಕಾಗಿಲ್ಲ. ನಾನು ಗಂಭೀರವಾಗಿ ನೋಡುವುದು ಆರ್ಸೆನಿಕ್, ಸೆಲೆನಿಯಂ, ಕ್ರೋಮಿಯಂನಂಥ ಧಾತುಗಳನ್ನು. ಬೂದಿಯಲ್ಲಿ ಅವು ಸಣ್ಣ ಪ್ರಮಾಣದಲ್ಲಿರುತ್ತವೆ, ತೀಕ್ಷ್ಣ ಕ್ಷಾರದಲ್ಲಿ ಅವುಗಳ ಕೆಲವು ರೂಪಗಳು ಹೆಚ್ಚು ಸಡಿಲಗೊಂಡು ನೀರಿಗೆ ಇಳಿಯುತ್ತವೆ. ಗೋಡೆಗೆ ಬಳಸಿದರೆ ತೊಂದರೆ ಕಡಿಮೆ. ಕುಡಿಯುವ ನೀರಿನ ತೊಟ್ಟಿ, ದನಗಳ ಬಾನಿ, ಮೀನಿನ ಹೊಂಡ, ಬಾವಿಯ ಒಳಗೋಡೆಗೆ ಮಾತ್ರ, ಸೋಸಿ ಇಳಿಯುವ ಲೋಹಗಳ ಪರೀಕ್ಷೆ ಆಗದ ಹೊರತು, ಕ್ಷಾರದ ಇಟ್ಟಿಗೆ ಬಳಸಲೇಬೇಡಿ. ಕೊಟ್ಟಿಗೆಯಲ್ಲಿ ದನಗಳು ಗೋಡೆ ನೆಕ್ಕುತ್ತವೆ. ಅವುಗಳ ಬಾಯಿಗೆ ಎಟಕುವಷ್ಟು ಎತ್ತರಕ್ಕೆ ಹಲಗೆಯನ್ನೋ ತಗಡನ್ನೋ ಸ್ವಲ್ಪ ಅಂತರ ಬಿಟ್ಟು ಹೊಡೆಸಿ.

ನಿಮ್ಮೂರಿನವರು ಕೇಳದ ಪ್ರಶ್ನೆಯೊಂದನ್ನು ನಾನು ಕೇಳುತ್ತೇನೆ. ಪಾತ್ರೆ, ಅಚ್ಚು ತೊಳೆದ ನೀರು ಎಲ್ಲಿಗೆ ಹೋಯಿತು? ನಿಮ್ಮ ಭಾಗದ ಎರೆ ಹೊಲಗಳು ಸೋಡಿಯಂ ಏರಿ ಚೌಳಾದಾಗ ರೈತರು ಜಿಪ್ಸಂ ಹಾಕಿ ಸರಿಪಡಿಸಲು ಒದ್ದಾಡುತ್ತಾರೆ. ಕಾಸ್ಟಿಕ್ ತೊಳೆದ ನೀರು ಅದೇ ಸೋಡಿಯಂ, ಇನ್ನೂ ಉಗ್ರವಾದ ರೂಪದಲ್ಲಿ. ಅದು ಹೊಲಕ್ಕೆ ಹರಿದರೆ ಮಣ್ಣು ಗಟ್ಟಿಯಾಗಿ ನೀರು ಇಂಗದಂತಾಗುತ್ತದೆ. ಕಾಲುವೆಗೆ ಬಿದ್ದರೆ ಮೀನು ಸಾಯುತ್ತದೆ. ತೊಳೆದ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಮುಂದಿನ ದ್ರಾವಣಕ್ಕೇ ಬಳಸುವುದು ಕಡ್ಡಾಯ ಎಂದು ತಿಳಿಯಿರಿ.

ಇಷ್ಟೆಲ್ಲ ತೊಡಕಿದ್ದರೆ ಜಗತ್ತು ಇದರ ಹಿಂದೆ ಏಕೆ ಬಿದ್ದಿದೆ ಎಂದು ಕೇಳಬಹುದು. ಸರಿಯಾಗಿ ಮಾಡಿದಾಗ ಇದು ಅದ್ಭುತವಾದ ಸಾಮಗ್ರಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕಟ್ಟಡವೊಂದರಲ್ಲಿ 2013ರಲ್ಲಿ ಜಿಯೊಪಾಲಿಮರ್ ಕಾಂಕ್ರೀಟಿನ ತೊಲೆಗಳನ್ನು ಕೂಡಿಸಿದರು. 2014ರಲ್ಲಿ ಆ ದೇಶದ ಟೂವೂಂಬಾ ನಗರದ ವಿಮಾನ ನಿಲ್ದಾಣದಲ್ಲಿ ವಿಮಾನಗಳು ಓಡಾಡುವ ನೆಲಹಾಸಿಗೂ ಇದನ್ನು ಬಳಸಿದರು. ಆಮ್ಲ ಚೆಲ್ಲುವ ಕಾರ್ಖಾನೆ ನೆಲ, ಒಳಚರಂಡಿಯ ಕೊಳವೆ, ಹೆಚ್ಚಿನ ಶಾಖ ತಡೆಯಬೇಕಾದ ಜಾಗಗಳಲ್ಲಿ ಇದು ಸಿಮೆಂಟಿಗಿಂತ ಚೆನ್ನಾಗಿ ಬಾಳುತ್ತದೆ. ಆದರೆ ಅವೆಲ್ಲ ಪ್ರತಿ ಲೋಡ್ ಬೂದಿಯನ್ನೂ ಪರೀಕ್ಷಿಸಿ, ಕ್ಷಾರವನ್ನು ಮುಚ್ಚಿದ ಕೊಳವೆಯಲ್ಲಿ ಹರಿಸುವ ಕಾರ್ಖಾನೆಗಳ ಕೆಲಸ. ಹಸಿರು ಲೆಕ್ಕವನ್ನೂ ಪೂರ್ತಿ ನೋಡಬೇಕು. ಸಿಮೆಂಟಿಗೆ ಹೋಲಿಸಿದರೆ ಇಂಗಾಲದ ಹೊರೆ ಶೇ. 80ರಷ್ಟು ಕಡಿಮೆ ಎನ್ನುವ ಅಂದಾಜುಗಳೂ ಇವೆ, ಶೇ. 10ರಷ್ಟೂ ಕಡಿಮೆಯಾಗದು ಎನ್ನುವ ಅಂದಾಜುಗಳೂ ಇವೆ. ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಿಲಿಕೇಟ್ ತಯಾರಿಕೆಗೆ ಸುರಿಯುವ ವಿದ್ಯುತ್ತು, ಇಂಧನ ಎಷ್ಟು, ಶಾಖ ಕೊಡಲು ಏನನ್ನು ಉರಿಸಿದಿರಿ ಎಂಬುದರ ಮೇಲೆ ಅದು ನಿಂತಿದೆ. ಸೌದೆ ಉರಿಸಿ ಬಿಸಿ ಕೋಣೆ ನಡೆಸಿದರೆ ಇಟ್ಟಿಗೆ ಗೂಡಿನಿಂದ ನೀವು ಬಹಳ ದೂರ ಬಂದಂತಾಗುವುದಿಲ್ಲ.

ಖರ್ಚಿನ ಲೆಕ್ಕವನ್ನು ನೀವೇ ಹಾಕಿ ನೋಡಿ. ಮೂರು ಕಿಲೊ ತೂಕದ ಇಟ್ಟಿಗೆಯಲ್ಲಿ ಅರ್ಧದಷ್ಟು ಬೂದಿ ಎಂದುಕೊಂಡರೆ, ಸೋಡಿಯಂ ಆಕ್ಸೈಡ್ ಶೇ. 6 ಎಂಬ ಹಿತಮಿತದ ಲೆಕ್ಕದಲ್ಲೂ ಒಂದು ಇಟ್ಟಿಗೆಗೆ 115 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಸಾವಿರ ಇಟ್ಟಿಗೆಗೆ 115 ಕಿಲೊ. ನಿಮ್ಮೂರಿನ ದರದಿಂದ ಗುಣಿಸಿ, ಅದೇ ಇಟ್ಟಿಗೆಗೆ ಶೇ. 10ರಷ್ಟು ಸಿಮೆಂಟ್ ಹಾಕಿದರೆ ಎಷ್ಟಾಗುತ್ತದೆಂದು ಪಕ್ಕಕ್ಕೆ ಬರೆಯಿರಿ. ಒಂದು ಕಿಲೊ ಕಾಸ್ಟಿಕ್ ಸೋಡಾದ ಬೆಲೆಗೆ ಹಲವು ಕಿಲೊ ಸಿಮೆಂಟ್ ಬರುತ್ತದೆ. ಸಾಲದ ಕಂತನ್ನು ಲೆಕ್ಕಕ್ಕೆ ಸೇರಿಸುವ ಮೊದಲೇ ನಿಮಗೆ ಉತ್ತರ ಕಾಣುತ್ತದೆ. ಬಿಸಿ ಕೋಣೆಗೆ ಸಾಲ ಮಾಡಬೇಡಿ ಎಂದು ನಾನು ಹೇಳುವುದು ಇದರಿಂದ.

ಹಾಗಾದರೆ ಮುಂದೇನು? ನಿಮ್ಮ ಜಾಗದಲ್ಲಿ ನಾನಿದ್ದರೆ ಹಾರುಬೂದಿ, ಸುಣ್ಣ, ಜಿಪ್ಸಂ ಇಟ್ಟಿಗೆಗೆ ತಿರುಗುತ್ತಿದ್ದೆ. ವಿಶಾಖಪಟ್ಟಣದ ಎನ್. ಭಾನುಮತಿದಾಸ್ ಮತ್ತು ಎನ್. ಕಾಳಿದಾಸ್ ದಂಪತಿ ಫಾಲ್-ಜಿ ಎಂಬ ಹೆಸರಿನಲ್ಲಿ ಇದನ್ನು ದೇಶದ ಸಣ್ಣ ಘಟಕಗಳಿಗೆ ತಲುಪಿಸಿದರು. ಇಲ್ಲಿಯೂ ಬೂದಿಯ ಗಾಜನ್ನು ಕರಗಿಸುವುದು ಕ್ಷಾರವೇ, ಆದರೆ ಅದು ಸುಣ್ಣದ ಸೌಮ್ಯ ಕ್ಷಾರ. ಗೂಡು ಬೇಕಿಲ್ಲ, ಬಿಸಿ ಕೋಣೆ ಬೇಕಿಲ್ಲ, ನಮ್ಮ ಬಿಸಿಲಿನ ಸೀಮೆಯೇ ಅನುಕೂಲ. ಸಾಮಾನ್ಯವಾಗಿ ಬೂದಿ ಶೇ. 60ರ ಆಸುಪಾಸು, ಕಲ್ಲುಪುಡಿ ಅಥವಾ ಮರಳು ಶೇ. 25, ಉಳಿದದ್ದು ಸುಣ್ಣ ಮತ್ತು ಜಿಪ್ಸಂ. ಸುಣ್ಣ ಪೂರ್ತಿ ಅರಳಿರಬೇಕು, ಅರಳದ ಹರಳು ಇಟ್ಟಿಗೆಯೊಳಗೆ ಉಳಿದರೆ ತಿಂಗಳುಗಳ ನಂತರ ಸಿಡಿದು ಕುಳಿ ಬೀಳುತ್ತದೆ. ಎರಡು ಮೂರು ವಾರ ಬಿಡದೆ ನೀರುಣಿಸಬೇಕು. ಇದಕ್ಕೆ ತಾಳ್ಮೆ ಬೇಕು, ಅಂಗಳದಲ್ಲಿ ಜಾಗ ಬೇಕು, ಒತ್ತುವ ಯಂತ್ರಕ್ಕೆ ಬಂಡವಾಳ ಬೇಕು. ಸುಣ್ಣವೂ ಚರ್ಮವನ್ನು ಸುಡುತ್ತದೆಯಾದ್ದರಿಂದ ಕೈಗವಸು ಇಲ್ಲೂ ತಪ್ಪದು. ಆದರೆ ಇದಕ್ಕೆ ಐಎಸ್ 12894 ಎಂಬ ಮಾನಕವಿದೆ, ಸಿಮೆಂಟ್ ಬೆರೆಸಿದ ಹಾರುಬೂದಿ ಇಟ್ಟಿಗೆಗೆ ಐಎಸ್ 16720 ಇದೆ. ಸರ್ಕಾರಿ ಕಾಮಗಾರಿಗೆ, ಬ್ಯಾಂಕ್ ಸಾಲದಲ್ಲಿ ಕಟ್ಟುವ ಮನೆಗೆ ಮಾರುವಾಗ ಇವೇ ನಿಮ್ಮ ಆಧಾರ. ಇವೆರಡೂ ಕಾಸ್ಟಿಕ್ ಇಟ್ಟಿಗೆಗೆ ಬರೆದವಲ್ಲ. ಅದನ್ನು ಇವುಗಳ ಹೆಸರಿನಲ್ಲಿ ಮಾರಿದರೆ ಗಿರಾಕಿಗೆ ಸುಳ್ಳು ಹೇಳಿದಂತೆ.

ಕ್ಷಾರದ ದಾರಿಯನ್ನು ಬಿಡಲು ಮನಸ್ಸಿಲ್ಲದಿದ್ದರೆ ಇಟ್ಟಿಗೆಯ ಬದಲು ನೆಲಹಾಸಿನ ಪೇವರ್ ಬ್ಲಾಕ್‌ನತ್ತ ನೋಡಿ. ಅದಕ್ಕೆ ಬೆಲೆ ಹೆಚ್ಚು, ಬಲವೂ ಹೆಚ್ಚು ಬೇಕು, ಕ್ಷಾರದ ಖರ್ಚು ಅಲ್ಲಿ ಮರಳಿ ಬರುವ ಸಾಧ್ಯತೆಯಿದೆ. ಕ್ಷಾರದಿಂದ ಗಟ್ಟಿಗೊಳಿಸಿದ ಕಾಂಕ್ರೀಟಿನ ಪೂರ್ವನಿರ್ಮಿತ ಸಾಮಗ್ರಿಗಳಿಗೆ ಐಎಸ್ 17452 ಎಂಬ ಮಾರ್ಗದರ್ಶಿ 2020ರಲ್ಲೇ ಬಂದಿದೆ. ಬಳ್ಳಾರಿ ಸೀಮೆಯ ಉಕ್ಕಿನ ಉದ್ಯಮದ ಊದುಕುಲುಮೆಯ ಕಿಟ್ಟದ ಪುಡಿ, ಅಂದರೆ ವ್ಯಾಪಾರಿಗಳು ಜಿಜಿಬಿಎಸ್ ಎನ್ನುವುದು, ನಿಮಗೆ ದೂರವಲ್ಲ. ಅದರಲ್ಲಿ ಸುಣ್ಣದ ಅಂಶ ಶೇ. 30–40ರಷ್ಟಿರುತ್ತದೆ. ಅಂಟಿನ ಪಾಲಿನಲ್ಲಿ ಅರ್ಧದಷ್ಟು ಇದನ್ನು ಸೇರಿಸಿದರೆ ಬಿಸಿ ಕೋಣೆಯ ಹಂಗಿಲ್ಲದೆ ನೆರಳಿನಲ್ಲೇ ಗಟ್ಟಿಯಾಗುತ್ತದೆ, ಕಡಿಮೆ ಕ್ಷಾರ ಸಾಕಾಗುತ್ತದೆ, ರಂಧ್ರ ಕಿರಿದಾಗುವುದರಿಂದ ಬಿಳಿ ಹುಡಿಯೂ ಇಳಿಯುತ್ತದೆ. ತೊಂದರೆಯೆಂದರೆ ಬೇಸಿಗೆಯಲ್ಲಿ ಅದು ಅರ್ಧ ಗಂಟೆಯೊಳಗೇ ಬಿಗಿದುಕೊಳ್ಳಬಹುದು. ಸ್ವಲ್ಪ ಸ್ವಲ್ಪವೇ ಕಲಸಿ ಕೂಡಲೇ ಅಚ್ಚಿಗೆ ಹಾಕಬೇಕು. ಕಾಸ್ಟಿಕ್ ಬದಲಿಗೆ ಸೋಡಾ ಆ್ಯಶ್, ಅಂದರೆ ಸೋಡಿಯಂ ಕಾರ್ಬೊನೇಟ್, ಬಳಸಿಯೂ ಕಿಟ್ಟವನ್ನು ಗಟ್ಟಿಗೊಳಿಸಬಹುದು. ಕಣ್ಣಿಗೆ ಅದೂ ಕೆಟ್ಟದ್ದೇ, ಆದರೆ ಕಾಸ್ಟಿಕ್‌ನಂತೆ ಮಾಂಸ ಕರಗಿಸುವುದಿಲ್ಲ. ನಿಧಾನ ಬಹಳ, ಅಚ್ಚಿನಿಂದ ತೆಗೆಯಲು ದಿನಗಳೇ ಬೇಕಾಗಬಹುದು. ಏನೇ ಮಾಡಿದರೂ ಕಂಬ, ತೊಲೆ, ಲಿಂಟೆಲ್‌ನಂಥ ಕಬ್ಬಿಣವಿರುವ ಭಾಗಗಳನ್ನು ಈ ಮಿಶ್ರಣದಿಂದ ಎರಕ ಹೊಯ್ಯಬೇಡಿ. ಕಬ್ಬಿಣವನ್ನು ಅದು ಎಷ್ಟು ಕಾಲ ತುಕ್ಕಿನಿಂದ ಕಾಯುತ್ತದೆ ಎಂಬುದು ಮಿಶ್ರಣದಿಂದ ಮಿಶ್ರಣಕ್ಕೆ ಬದಲಾಗುತ್ತದೆ, ಅಂಗಳದಲ್ಲಿ ಅದನ್ನು ಅಳೆಯಲು ಬರುವುದಿಲ್ಲ.

ಹೊಟ್ಟಿನ ಬೂದಿಯಿಂದಲೇ ಸೋಡಿಯಂ ಸಿಲಿಕೇಟ್ ಕಾಯಿಸಿ ತೆಗೆಯಬಹುದು ಎಂದು ಯಾರಾದರೂ ನಿಮಗೆ ಹೇಳಿಯಾರು. ಹೌದು, ರಸಾಯನ ಸರಿ. ಕುದಿಯುವ ಕಾಸ್ಟಿಕ್ ಸೋಡಾವನ್ನು ಅಂಗಳದಲ್ಲಿ ಇಟ್ಟುಕೊಳ್ಳುವುದಕ್ಕೆ ನಾನು ಒಪ್ಪುವುದಿಲ್ಲ. ಬೂದಿ ನಯವಾಗಿದ್ದರೆ, ಕಪ್ಪಿಲ್ಲದಿದ್ದರೆ, ಸುಣ್ಣದ ಇಟ್ಟಿಗೆಯಲ್ಲಿ ಹಾರುಬೂದಿಯ ಹತ್ತರಲ್ಲೊಂದು ಪಾಲಿನ ಬದಲಿಗೆ ಹಾಕಿ ಪರೀಕ್ಷಿಸಿ. ಉಕ್ಕಿನ ಕಾರ್ಖಾನೆಗಳು ಕರಗಿದ ಲೋಹದ ಮೇಲೆ ಶಾಖ ಆರದಂತೆ ಹೊದಿಸಲು ಈ ಬೂದಿಯನ್ನೇ ಕೊಳ್ಳುತ್ತವೆ. ಗಿರಣಿ ಮಾಲೀಕರೊಡನೆ ಸೇರಿ ಆ ಮಾರುಕಟ್ಟೆಯನ್ನು ವಿಚಾರಿಸುವುದು ಇಟ್ಟಿಗೆಗಿಂತ ಲಾಭದ ದಾರಿಯಾದೀತು.

ಯಾವುದನ್ನೇ ಆರಿಸಿಕೊಂಡರೂ, ಮಾರುವ ಮೊದಲು ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗಕ್ಕೆ ಇಟ್ಟಿಗೆ ಒಯ್ದು ಐಎಸ್ 3495ರ ಪ್ರಕಾರ ಬಲ, ನೀರು ಹೀರುವಿಕೆ, ಉಪ್ಪು ಬಿಡುವಿಕೆ ಮೂರನ್ನೂ ಪರೀಕ್ಷೆ ಮಾಡಿಸಿ. ಚೆನ್ನಾಗಿ ಬಂದವನ್ನೇ ಆಯ್ದು ಕೊಡಬೇಡಿ, ರಾಶಿಯಲ್ಲಿ ಕೈಗೆ ಸಿಕ್ಕವನ್ನು ಕೊಡಿ. ಕಲಸುವ ನೀರನ್ನೂ ಪರೀಕ್ಷೆಗೆ ಕೊಡಿ, ನಿಮ್ಮ ಕಡೆಯ ಕೊಳವೆಬಾವಿಯ ಉಪ್ಪು ಎಂಥ ಒಳ್ಳೆಯ ಇಟ್ಟಿಗೆಯನ್ನೂ ಕೆಡಿಸಬಲ್ಲದು.

ಉಳಿದಿರುವ ಕಾಸ್ಟಿಕ್ ಚೀಲಗಳನ್ನು ಏನು ಮಾಡಬೇಕೆಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಬಾಯಿ ತೆರೆದ ಚೀಲ ಗಾಳಿಯ ತೇವ ಹೀರಿ ನೀರೊಡೆಯುತ್ತದೆ, ಶಕ್ತಿಯೂ ಇಳಿಯುತ್ತದೆ. ಒಡೆಯದ ಚೀಲಗಳನ್ನು ಅಂಗಡಿಗೆ ಹಿಂತಿರುಗಿಸಿ. ಒಡೆದದ್ದನ್ನು ದಪ್ಪ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಮುಚ್ಚಳ ಬಿಗಿದು, ಮೇಲೆ ಕೆಂಪಕ್ಷರದಲ್ಲಿ ಹೆಸರು ಬರೆದು, ಮಕ್ಕಳಿಗೂ ದನಗಳಿಗೂ ಸಿಗದಂತೆ ಬೀಗ ಹಾಕಿಡಿ. ಸಾಬೂನು ತಯಾರಿಸುವವರೋ ಬಟ್ಟೆ ಸಂಸ್ಕರಿಸುವವರೋ ಕೊಂಡಾರು. ದ್ರಾವಣ ಮಾಡುವ ಸಂದರ್ಭ ಬಂದರೆ ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಸೋಡಾಕ್ಕೆ ನೀರು ಹೊಯ್ಯಬಾರದು, ಕುದಿದು ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಮೊಣಕೈ ಮುಟ್ಟುವ ರಬ್ಬರ್ ಕೈಗವಸು, ಪಕ್ಕದಲ್ಲಿ ತುಂಬಿದ ನೀರಿನ ಡ್ರಮ್ಮು ಇರಲಿ. ಡಿಸೆಂಬರ್‌ನ ಮೆತ್ತನೆಯ ಇಟ್ಟಿಗೆಗಳನ್ನು ಹೊಲದ ಬದುವಿಗೆ ಸುರಿಯಬೇಡಿ. ಅವನ್ನು ಮಳೆ ತಾಗದ ಕಡೆ ಪೇರಿಸಿ ಏಪ್ರಿಲ್‌ವರೆಗೆ ಇಟ್ಟು, ಪ್ಲಾಸ್ಟಿಕ್ ಹಾಳೆ ಬಿಗಿದು ಬಿಸಿಲಿಗೆ ಒಡ್ಡಿ. ಹೊಟ್ಟಿನ ಬೂದಿ ಬೆರೆತಿರುವುದರಿಂದ ಎಲ್ಲವೂ ಗಟ್ಟಿಯಾಗುವ ಭರವಸೆ ನನಗಿಲ್ಲ. ಒದ್ದೆಯ ಪರೀಕ್ಷೆಯಲ್ಲಿ ಗೆದ್ದವನ್ನು ಶೆಡ್ಡಿನ ಒಳಗಿನ ಸಣ್ಣ ಅಡ್ಡಗೋಡೆಗೆ ಬಳಸಿಕೊಳ್ಳಿ, ಸೋತವನ್ನು ಕುಟ್ಟಿ ಪುಡಿ ಮಾಡಿ ಮುಂದಿನ ಸುಣ್ಣದ ಇಟ್ಟಿಗೆಯ ಮರಳಿನಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸಿ ಮುಗಿಸಿ.